ಬಿಟ್ಟಿ ಉಪಗ್ರಹ ಚಿತ್ರದಲ್ಲಿ ಅಮೆಜಾನಿನ ಕಳ್ಳ ಏರ್‌ಸ್ಟ್ರಿಪ್ ಹುಡುಕಿದೆ

ಬಿಟ್ಟಿ ಚಿತ್ರ ಕೊಡುವ ಯುರೋಪಿನ ಸೆಂಟಿನೆಲ್-2 ಉಪಗ್ರಹದಲ್ಲಿ ಕಳ್ಳ ಏರ್‌ಸ್ಟ್ರಿಪ್, ಅಂದರೆ ಕೊಕೇನ್ ಸಾಗಿಸುವವರು ಕಾಡು ಕಡಿದು ವಿಮಾನ ಇಳಿಸುವ ಮಣ್ಣಿನ ಪಟ್ಟಿ, ಕಾಣಿಸುವುದೇ ಇಲ್ಲ ಅಂತ ನಕ್ಷೆ ಕೆಲಸದ (ಜಿಐಎಸ್) ನಮ್ಮ ಗೆಳೆಯರು ಹೇಳುತ್ತಿದ್ದರು. ಚಿತ್ರದ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್, ಸ್ಟ್ರಿಪ್ಪಿನ ಅಗಲ ಒಂದೆರಡು ಪಿಕ್ಸೆಲ್. ಅವರ ಮಾತಲ್ಲೂ ಅರ್ಥವಿತ್ತು. ಆದರೆ ಪೆರುವಿನ ಉಕಯಾಲಿ ಪ್ರಾಂತ್ಯದಲ್ಲಿ ನಾನು ಗುರುತಿಸಿದ ಗೆರೆಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸರಿ ಎಂದು ಅಲ್ಲಿಯ ಕಾಡು ಕಾಯುವವರು ತಿಳಿಸಿದ್ದಾರೆ.

ಮೊದಲು ಆಕಾರ ನೋಡಿ ಹುಡುಕಿದೆ. ನದಿಯ ಮರಳುದಿಣ್ಣೆ, ಮರ ಸಾಗಿಸುವ ರಸ್ತೆ, ಎಲ್ಲವೂ ಬಲೆಗೆ ಬಿದ್ದವು. ದುಡ್ಡು ಕೊಟ್ಟು ಒಳ್ಳೆ ರೆಸಲ್ಯೂಷನ್ ಚಿತ್ರ ತರಿಸಿದೆ. ಸುಮಾರು ಇಪ್ಪತ್ತೈದು ಸಾವಿರ ಹೋಯಿತು, ಬಂದದ್ದರಲ್ಲಿ ಅರ್ಧ ಬರೀ ಮೋಡ. ಸೆಂಟಿನೆಲ್-1 ರೇಡಾರ್‌ಗೆ ಮೋಡದ ಕಾಟವಿಲ್ಲ, ಆದರೆ ರೇಡಾರ್ ಚಿತ್ರದ ತುಂಬ ಇರುವ ಚುಕ್ಕಿಗದ್ದಲದಲ್ಲಿ ಸಣ್ಣ ಗೆರೆ ಮುಳುಗಿಹೋಗುತ್ತದೆ. ನಡುವೆ ಸುಮ್ನೆ ಬೆಂಗಳೂರಿನ ಜಕ್ಕೂರು ರನ್‌ವೇ ಮೇಲೂ ಪ್ರಯೋಗ ಮಾಡಿದೆ. ಟಾರು ಬೇರೆ, ಮಣ್ಣು ಬೇರೆ, ಉಪಯೋಗವಾಗಲಿಲ್ಲ.

ಆಮೇಲೆ ಆಕಾರ ಬಿಟ್ಟು ಕಾಲ ನೋಡಿದೆ. ಮರಗೆಣಸು, ಬಾಳೆ, ಕೋಕಾ (ಕೊಕೇನ್ ತೆಗೆಯುವ ಎಲೆಯ ಗಿಡ) ಏನೇ ಹಾಕಿದರೂ ಕಡಿದ ಜಾಗ ಬೇಗ ಹಸಿರಾಗುತ್ತದೆ. ಸ್ಟ್ರಿಪ್ ಮಾತ್ರ ವರ್ಷಗಟ್ಟಲೆ ಬೋಳಾಗಿಯೇ ಇರುತ್ತದೆ, ಏಕೆಂದರೆ ವಿಮಾನ ಇಳಿಯಬೇಕಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಣ ತಿಂಗಳ ಚಿತ್ರಗಳನ್ನಷ್ಟೇ ಇಟ್ಟುಕೊಂಡು, ಹಸಿರಾಗದ ನೇರ ಗೆರೆಗಳನ್ನು ಸೋಸಿದೆ. ಅರ್ಧ ಕಿಲೋಮೀಟರಿಗಿಂತ ಚಿಕ್ಕದ್ದನ್ನು ಬಿಟ್ಟೆ. ಎಷ್ಟು ಬೋಳಿದ್ದರೆ ಬೋಳು ಅನ್ನುವ ಅಂಕಿ, ದನದ ದಾರಿಯನ್ನು ಬೇರ್ಪಡಿಸುವ ಉಪಾಯ ಇಲ್ಲಿ ಬರೆಯುವುದಿಲ್ಲ. ಕಳ್ಳಸಾಗಣೆಯವರೂ ಓದುತ್ತಾರೆ.

ಸ್ಟ್ರಿಪ್ ಇರುವ ಕಾಡಿನ ಊರುಗಳವರಿಗೆ ಇದು ಜೀವದ ಪ್ರಶ್ನೆ. ಕೋಕಾಗೆಂದು ಕಾಡು ಕಡಿಯುತ್ತಾರೆ. ಗುಂಡಿಯಲ್ಲಿ ಎಲೆಯನ್ನು ಸುಣ್ಣ, ಸೀಮೆಎಣ್ಣೆ ಹಾಕಿ ತುಳಿದು, ಉಳಿದ ನೀರನ್ನು ತೊರೆಗೆ ಬಿಡುತ್ತಾರೆ. ಅದೇ ತೊರೆಯಲ್ಲಿ ಊರವರು ಮೀನು ಹಿಡಿಯಬೇಕು. ಪಕ್ಕದ ಹುವಾನುಕೊ ಪ್ರಾಂತ್ಯದ ಉನಿಪಕುಯಾಕು ಎಂಬ, ಕಕತೈಬೊ ಬುಡಕಟ್ಟಿನವರ ಊರಿನ ಮುಖಂಡ ಆರ್ಬಿಲ್ಡೊ ಮೆಲೆಂದೆಸ್ ತಮ್ಮ ನೆಲದ ಹಕ್ಕುಪತ್ರಕ್ಕಾಗಿ ಹೋರಾಡುತ್ತಿದ್ದವರು. 2020ರ ಏಪ್ರಿಲ್‌ನಲ್ಲಿ ಅವರನ್ನು ಕೊಂದರು. ಸ್ಟ್ರಿಪ್ ಹತ್ತಿರ ಯಾರಾದರೂ ನಡೆದುಹೋಗಿ ನೋಡಿ ಬರಲಿ ಅಂತ ಹೇಗೆ ಹೇಳುವುದು? ಮೇಲಿಂದ ನೋಡುವುದೇ ಸರಿ.

2024ರಲ್ಲಿ ಮೊಂಗಾಬೇ ಎಂಬ ಪರಿಸರ ಸುದ್ದಿಸಂಸ್ಥೆಯ ಪತ್ರಕರ್ತರು ಉಪಗ್ರಹ ಚಿತ್ರ ನೋಡಿಯೇ ಉಕಯಾಲಿ, ಹುವಾನುಕೊ, ಪಾಸ್ಕೊ ಸೇರಿ 67 ಸ್ಟ್ರಿಪ್ ಪತ್ತೆಮಾಡಿದ ಮೇಲೆ ನನ್ನ ಗೆಳೆಯರು ಸುಮ್ಮನಾದರು. ನನ್ನ ಖರ್ಚು ಈಗ ಕರೆಂಟು, ಇಂಟರ್ನೆಟ್ ಅಷ್ಟೇ. ನಕ್ಷೆ ಮಾತ್ರ ಆ ಊರುಗಳ ಒಕ್ಕೂಟದ ಕೈಗೆ ನೇರ ಹೋಗುತ್ತದೆ. ಯಾರಿಗೆ ತೋರಿಸಬೇಕು, ಯಾವಾಗ ತೋರಿಸಬೇಕು ಅನ್ನುವುದು ಅವರ ತೀರ್ಮಾನ.