ಮಾಸಿದ ನೇರಳೆ ಶಾಯಿಯಿಂದ ಒಬ್ಬ ಕುಲುಮೆ ಗಾರೆಯವರನ್ನು ಗುರುತಿಸಿದ ಬಗೆ

ನಾನು ಹವ್ಯಾಸದಿಂದ ದಾಖಲೆ ಕೆಲಸ ಮಾಡಿಕೊಡುವ ಸಣ್ಣ ವಸ್ತುಸಂಗ್ರಹಾಲಯಕ್ಕೆ, ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಕನ್ನಡಿಗ ಎಂಜಿನಿಯರೊಬ್ಬರ ಮನೆಯವರು ಒಂದು ಹಿತ್ತಾಳೆ ಪದಕವನ್ನೂ ಅದರ ಪ್ರಮಾಣಪತ್ರವನ್ನೂ ಕೊಟ್ಟು ನಾಲ್ಕು ವರ್ಷವಾಗಿರಬಹುದು. ಯುದ್ಧದಲ್ಲಿ ಹಾಳಾದ ತನ್ನ ದಕ್ಷಿಣ ಭಾಗದ ಕಬ್ಬಿಣ-ಉಕ್ಕು ಕಾರ್ಖಾನೆಗಳ ಪುನರ್ನಿರ್ಮಾಣಕ್ಕಾಗಿ ಸೋವಿಯತ್ ಸರ್ಕಾರ 1948ರ ಮೇ 18ರಂದು ಸ್ಥಾಪಿಸಿದ ಪದಕವದು. ಅಗಲ 32 ಮಿಲಿಮೀಟರ್. ಹಿಂಬದಿಯಲ್ಲಿ ಸುತ್ತಿಗೆ-ಕುಡುಗೋಲಿನೊಂದಿಗೆ ‘ಸೋವಿಯತ್ ಒಕ್ಕೂಟದಲ್ಲಿ ಶ್ರಮವೆಂಬುದು ಗೌರವದ ಕಾರ್ಯ’ ಎಂಬ ಸಾಲಿದೆ. ಈ ಪದಕಕ್ಕೆ ಕ್ರಮಸಂಖ್ಯೆ ಹಾಕುತ್ತಿರಲಿಲ್ಲವಾದ್ದರಿಂದ ಲೋಹವನ್ನು ಎಷ್ಟು ಉಜ್ಜಿ ನೋಡಿದರೂ ಅದನ್ನು ಧರಿಸಿದವರು ಯಾರೆಂದು ತಿಳಿಯುವುದಿಲ್ಲ. ತಿಳಿಯಬೇಕಾದದ್ದು ಕಾಗದದಿಂದ, ಆ ಕಾಗದದ ಮೇಲೆ ಅಚ್ಚಾದ ಅಕ್ಷರಗಳು ಗಟ್ಟಿಯಾಗಿ ಉಳಿದು, ಕೈಯಲ್ಲಿ ಬರೆದ ಹೆಸರೂ ಕಸುಬೂ ಮಾಸಿಹೋಗಿದ್ದವು.

ಮೊದಲು ಓದಿದವರೊಬ್ಬರು ಕಸುಬಿನ ಜಾಗದಲ್ಲಿ ‘ಒಗೊರೊದ್ನಿಕ್’, ಅಂದರೆ ತರಕಾರಿ ತೋಟಗಾರ, ಎಂದಿದೆಯೆಂದು ಊಹಿಸಿದ್ದರು, ಫಲಕದ ಮೇಲೂ ಹಾಗೆಯೇ ಬರೆದಾಗಿತ್ತು. ಎಂಬತ್ತರ ದಶಕದಲ್ಲಿ ಉಕ್ರೇನಿನಲ್ಲಿ ಲೋಹಶಾಸ್ತ್ರ ಓದಿದ ನನಗೆ ಇದು ಒಪ್ಪಿಗೆಯಾಗಲಿಲ್ಲ. ಕಾಗದದ ಮುದ್ರೆಯಲ್ಲಿ ಉಕ್ರೇನಿನ ಜಪೊರಿಜಿಯಾ ನಗರದ ಹೆಸರಿನ ತುಣುಕು ಕಾಣುತ್ತಿತ್ತು. ಅಲ್ಲಿನ ಜಪೊರಿಜ್‌ಸ್ತಾಲ್ ಕಾರ್ಖಾನೆಯನ್ನು ಯುದ್ಧದಲ್ಲಿ ಸ್ಫೋಟಿಸಿ ಹಾಳುಗೆಡವಲಾಗಿತ್ತು. ಪುನರ್ನಿರ್ಮಿಸಿದ ಊದುಕುಲುಮೆಯಿಂದ (ಬ್ಲಾಸ್ಟ್ ಫರ್ನೇಸ್) 1947ರ ಜೂನ್ ಕೊನೆಯಲ್ಲಿ ಮತ್ತೆ ಕಬ್ಬಿಣ ಇಳಿಯಿತು. ಅದನ್ನು ಕಟ್ಟಿದ ಜಪೊರೊಜ್‌ಸ್ತ್ರೊಯ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ವೆನಿಯಾಮಿನ್ ದಿಮ್ಶಿತ್ಸ್ ಅವರೇ ಮುಂದೆ ಭಿಲಾಯಿಯ ಸೋವಿಯತ್ ತಜ್ಞರ ಮುಖ್ಯಸ್ಥರಾಗಿ ಬಂದವರು. ಅವರ ಹಿಂದೆ ಅಲ್ಲಿನ ನುರಿತ ಕೆಲಸಗಾರರೂ ಬಂದಿರಬೇಕು, ಈ ಪದಕ ಅವರಲ್ಲೊಬ್ಬರದ್ದಿರಬೇಕು ಎಂಬುದು ನನ್ನ ಲೆಕ್ಕವಾಗಿತ್ತು.

ಆರಂಭದ ಎಂಟು ತಿಂಗಳು ವ್ಯರ್ಥವಾದವು. ಅವಕೆಂಪು (ಇನ್‌ಫ್ರಾರೆಡ್) ಬೆಳಕಿಗೆ ಮಾರ್ಪಡಿಸಿದ ಹಳೆಯ ಕ್ಯಾಮೆರಾ ಒಂದನ್ನು ಸುಮಾರು ಹದಿನಾಲ್ಕು ಸಾವಿರ ರೂಪಾಯಿಗೆ ಕೊಂಡೆ. ಅದರಲ್ಲಿ ಅಚ್ಚಿನ ಅಕ್ಷರಗಳು ಇನ್ನಷ್ಟು ಕಪ್ಪಾಗಿ ಬಂದವು, ಬರಹ ಪೂರ್ತಿಯಾಗಿ ಮಾಯವಾಯಿತು. ಏಕೆಂದರೆ ಅಂದಿನ ಕಚೇರಿಗಳ ನೇರಳೆ ಶಾಯಿ ಅನಿಲೀನ್ ಎಂಬ ಕೃತಕ ಬಣ್ಣದ್ದು, ಅವಕೆಂಪಿಗೆ ಅದು ಗಾಜಿನಂತೆ ಪಾರದರ್ಶಕ. ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕಿತ್ತು. ನಂತರ ಆರುನೂರು ರೂಪಾಯಿಯ ಅತಿನೇರಳೆ ಟಾರ್ಚ್ ತಂದೆ. ಅದು 395 ನ್ಯಾನೊಮೀಟರಿನದು. ಕಣ್ಣಿಗೆ ಕಾಣುವ ನೇರಳೆ ಬೆಳಕೇ ಹಾಳೆಯ ಮೇಲೆಲ್ಲ ಹರಡಿ ಚಿತ್ರವನ್ನು ಕೆಡಿಸಿತು. ಎರಡು ಸಾವಿರ ಚಿಲ್ಲರೆ ಕೊಟ್ಟು ಸೋಸುಗಾಜಿರುವ 365ರದನ್ನು ತಂದ ಮೇಲೆ ಕಾಗದ ನೀಲಿಯಾಗಿ ಹೊಳೆದು, ಅದರ ಮೇಲೆ ಮೂರು ನಾಲ್ಕು ಅಕ್ಷರಗಳ ನೆರಳು ಮೂಡಿತು. ಆದರೆ ಅಂಥ ಬೆಳಕು ಈ ಶಾಯಿಯನ್ನು ಇನ್ನೂ ಮಾಸಿಸುತ್ತದೆ ಎಂಬ ಭಯದಿಂದ ಒಟ್ಟು ಎರಡು ನಿಮಿಷಕ್ಕಿಂತ ಹೆಚ್ಚು ಬಳಸಲಿಲ್ಲ. ಟ್ಯಾನಿನ್ ದ್ರಾವಣವನ್ನು ಕುಂಚದಿಂದ ಸವರಿದರೆ ಶಾಯಿ ಮರಳುತ್ತದೆ ಎಂದು ಹಿರಿಯರೊಬ್ಬರು ಸಲಹೆ ಕೊಟ್ಟರು. ಅದು ಕಬ್ಬಿಣದ ಶಾಯಿಗೆ ಹಿಂದೆ ಮಾಡುತ್ತಿದ್ದ, ಅನೇಕ ಹಸ್ತಪ್ರತಿಗಳನ್ನು ಕಂದಾಗಿಸಿ ಕೆಡಿಸಿದ ವಿಧಾನ. ನಾನು ಸ್ಪಷ್ಟವಾಗಿ ನಿರಾಕರಿಸಿದೆ. ಹೊರಗಿನ ಪ್ರಯೋಗಾಲಯವೊಂದು ಕೇಳಿದ ಶುಲ್ಕ ನಲವತ್ತು ಸಾವಿರದ ಹತ್ತಿರವಿತ್ತು, ಅದೂ ಫಲಿತಾಂಶದ ಭರವಸೆಯಿಲ್ಲದೆ.

ದಾರಿ ತೋರಿದ್ದು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನ ಶಿಲಾಚಿತ್ರಗಳು. ಅವುಗಳ ಚಿತ್ರ ತೆಗೆಯುವ ಗೆಳೆಯರು, ಮಾಸಿದ ಕೆಂಪು ಬಣ್ಣದ ಗೂಳಿಗಳನ್ನು ಬಂಡೆಯ ಮೇಲಿಂದ ಎಬ್ಬಿಸಲು ಜಾನ್ ಹಾರ್ಮನ್ ರೂಪಿಸಿದ, ಬಣ್ಣಗಳ ಸಣ್ಣ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸುವ ಡಿಸ್ಟ್ರೆಚ್ ತಂತ್ರಾಂಶವನ್ನು ಬಳಸುವುದು ನನಗೆ ಗೊತ್ತಿತ್ತು. ಬಂಡೆಗೆ ಬಳಸುವುದನ್ನು ಕಾಗದಕ್ಕೆ ಏಕೆ ಬಳಸಬಾರದು ಎಂದು ಕೇಳಿದಾಗ, ಕಾಗದದ ಕಲೆಗಳೇ ಅಕ್ಷರಗಳಂತೆ ಕಾಣಿಸಿಕೊಂಡು ದಾರಿ ತಪ್ಪಿಸುತ್ತವೆ ಎಂದು ನಮ್ಮ ಬಳಗದಲ್ಲಿ ಬಹುತೇಕ ಎಲ್ಲರೂ ಹೇಳಿದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಮೊದಲ ಸುತ್ತಿನಲ್ಲಿ ನಾನು ಸಂಕೋಚಿಸಿ ಉಳಿಸಿದ ಜೇಪೆಗ್ ಚಿತ್ರಗಳನ್ನು ಕೊಟ್ಟೆ; ತಂತ್ರಾಂಶವು ಶಾಯಿಗಿಂತ ಮೊದಲು ಸಂಕೋಚನದ ಚೌಕಗಳನ್ನೇ ಹಿಗ್ಗಿಸಿ, ಹಾಳೆಯನ್ನು ಚೌಕುಳಿ ಸೀರೆಯಂತೆ ಮಾಡಿತು. ಕ್ಯಾಮೆರಾದ ಮೂಲ ‘ರಾ’ ಕಡತಗಳಿಂದ ಟಿಫ್ ಚಿತ್ರಗಳನ್ನು ಮಾಡಿಕೊಂಡು, ಅಗ್ಗದ ಎಲ್ಇಡಿ ದೀಪಗಳನ್ನು ಬಿಟ್ಟು ಕ್ಯಾಮೆರಾದ ಫ್ಲ್ಯಾಷ್ ಬಳಸಿ, ಒಂದೇ ಭಂಗಿಯಲ್ಲಿ ಸುಮಾರು ಮೂವತ್ತು ಚಿತ್ರಗಳನ್ನು ತೆಗೆದು ಸರಾಸರಿ ಮಾಡಿದ ಮೇಲೆ ಹಿನ್ನೆಲೆಯ ಗದ್ದಲ ಇಳಿಯಿತು. ಇಡೀ ಹಾಳೆಯನ್ನು ಒಮ್ಮೆಗೇ ಕೊಡದೆ ಒಂದೊಂದು ಪದದ ಸುತ್ತ ಚಿಕ್ಕ ಚೌಕಟ್ಟು ಹಾಕಿ ಲೆಕ್ಕ ಮಾಡಿಸಬೇಕು. ತಂತ್ರಾಂಶದ ಬಣ್ಣದ ವ್ಯವಸ್ಥೆಯನ್ನು (ಕಲರ್ ಸ್ಪೇಸ್) ಯಾವ ಕ್ರಮದಲ್ಲಿ ಎರಡು ಸಲ ಬದಲಿಸಬೇಕು ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ; ಅದಕ್ಕೆ ನಾನು ತೆತ್ತ ಬೆಲೆ ಸಣ್ಣದಲ್ಲ.

ಇದರ ನಡುವೆ, ವಿಧಾನವನ್ನು ಪರೀಕ್ಷಿಸಲು ಅಜ್ಜನ ಕಾಲದ ಮೈಸೂರು ಸಂಸ್ಥಾನದ ಕಂದಾಯ ರಸೀದಿಯೊಂದನ್ನು ತೆಗೆದುಕೊಂಡೆ. ಅದರ ನೇರಳೆ ಮೊಹರು ಚೆನ್ನಾಗಿ ಎದ್ದುಬಂತು, ಶಾನುಭೋಗರ ರುಜು ಬರಲಿಲ್ಲ, ಏಕೆಂದರೆ ಅದು ಬೇರೆ ಶಾಯಿ. ಉತ್ತರ ಮೊದಲೇ ಗೊತ್ತಿರುವ ಕಾಗದದ ಮೇಲೆ ಹೀಗೆ ಸೋಲು-ಗೆಲುವು ಎರಡನ್ನೂ ನೋಡಿಕೊಂಡದ್ದರಿಂದಲೇ ಮುಂದಿನ ಓದಿನ ಮೇಲೆ ನನಗೆ ನಂಬಿಕೆ ಬಂತು.

ಪದಕದ ಕಾಗದದಲ್ಲಿ ಕಸುಬಿನ ಪದ ಎದ್ದುಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ರಷ್ಯನ್ ಕೂಡುಬರಹ ಓದಿದವರಿಗೆ ಗೊತ್ತು, ಅರ್ಧ ವರ್ಣಮಾಲೆ ಒಂದೇ ಬಗೆಯ ನಿಂತ ಕಡ್ಡಿಗಳಾಗಿ ಕಾಣುತ್ತದೆ. ಆಕಾರದಿಂದ ಓದಿದರೆ ಮೋಸ ಹೋಗುತ್ತೇವೆ. ನಾನು ಗೆರೆಯ ಕೆಳಗೆ ಇಳಿದ ಬಾಲಗಳನ್ನು ಎಣಿಸಿದೆ. ತೋಟಗಾರ ಎಂಬ ಪದಕ್ಕೆ ಒಂಬತ್ತು ಅಕ್ಷರ, ಎರಡು ಬಾಲ. ಇಲ್ಲಿ ಹನ್ನೊಂದು ಅಕ್ಷರಗಳ ಉದ್ದವಿತ್ತು, ಬಾಲಗಳು ಮೂರಿದ್ದವು, ಮೂರನೆಯದು ತೀರ ಗಿಡ್ಡ. ‘ಒಗ್ನೆಉಪೊರ್‌ಷಿಕ್’: ಕುಲುಮೆಯ ಒಳಮೈಗೆ ಬೆಂಕಿ ಇಟ್ಟಿಗೆ ಕಟ್ಟುವ ಗಾರೆಯವರು. ಊದುಕುಲುಮೆಯ ತಳದಲ್ಲಿ ಎರಡು ಇಟ್ಟಿಗೆಗಳ ನಡುವಿನ ಸಂದು ಒಂದು ಮಿಲಿಮೀಟರಿಗೂ ಕಡಿಮೆಯಿರಬೇಕು, ಇಲ್ಲವಾದರೆ ಕರಗಿದ ಕಬ್ಬಿಣ ದಾರಿ ಮಾಡಿಕೊಳ್ಳುತ್ತದೆ. ಇಟ್ಟಿಗೆಗಳನ್ನು ಮೊದಲು ಒಣದಾಗಿ ಜೋಡಿಸಿ, ಉಜ್ಜಿ, ಸಂದಿಗೆ ತೆಳು ತಗಡಿನ ಅಳತೆಪಟ್ಟಿ ತೂರಿಸಿ ನೋಡುವ ಆ ಕೆಲಸವನ್ನು ವಿದ್ಯಾರ್ಥಿಯಾಗಿದ್ದಾಗ ಕಣ್ಣಾರೆ ಕಂಡಿದ್ದೇನೆ. ಅಂಥವರನ್ನು ನಾಲ್ಕು ವರ್ಷ ತೋಟಗಾರನೆಂದು ಪ್ರದರ್ಶಿಸಿದ್ದು ನನಗೆ ಇಂದಿಗೂ ಸಂಕಟದ ವಿಷಯ.

ಓದಿದ್ದನ್ನು ಕೂಡಲೇ ಪ್ರಕಟಿಸದೆ, ಪದಕ ಕೊಟ್ಟ ಮನೆಯವರಿಗೆ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹೇಳಿ, ಅವರ ತಂದೆಯ ಆಲ್ಬಮ್ ನೋಡಲು ಕೋರಿದೆ. ಭಿಲಾಯಿಯ ಮೊದಲ ಊದುಕುಲುಮೆ 1959ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತಷ್ಟೆ. ಅದಕ್ಕೆ ಕೆಲವು ತಿಂಗಳು ಮೊದಲಿನ ಒಂದು ಫೋಟೋದ ಹಿಂದೆ ಅದೇ ಹೆಸರೂ ಕೆಳಗೆ ಇಂಗ್ಲಿಷಿನಲ್ಲಿ ‘ಇಟ್ಟಿಗೆ ಕೆಲಸ’ ಎಂಬ ಟಿಪ್ಪಣಿಯೂ ಇದ್ದವು. ಆ ಗಾರೆಯವರ ಮಗಳು ತೊಂಬತ್ತರ ದಶಕದಲ್ಲಿ ತಂದೆಯ ನೆನಪಿಗೆಂದು ಪದಕವನ್ನು ಈ ಎಂಜಿನಿಯರರಿಗೆ ಕಳಿಸಿದ್ದರೆಂಬುದೂ ಆಗಲೇ ತಿಳಿಯಿತು. ಆಕೆ ಬಯಸಿದಂತೆ ಪೂರ್ತಿ ಹೆಸರು ಸಂಗ್ರಹಾಲಯದ ಫಲಕದಲ್ಲಿ ಮಾತ್ರ ಇರುತ್ತದೆ, ಇಲ್ಲಿ ಬರೆಯುವುದಿಲ್ಲ.

ಉಪಯೋಗಕ್ಕೆ ಬಾರದ ಕ್ಯಾಮೆರಾವನ್ನು ಒಂಬತ್ತು ಸಾವಿರಕ್ಕೆ ಮಾರಿದ ಮೇಲೆ ನನ್ನ ಕೈಯಿಂದ ಹೋದದ್ದು ಎಲ್ಲ ಸೇರಿ ಹತ್ತು ಸಾವಿರದೊಳಗೆ. ಹೊಸ ಫಲಕ ಕಳೆದ ತಿಂಗಳು ಗೋಡೆಗೆ ಏರಿದೆ. ಪಿತೃನಾಮದ, ಅಂದರೆ ರಷ್ಯನ್ ಹೆಸರಿನಲ್ಲಿ ತಂದೆಯ ಹೆಸರಿನಿಂದ ಬರುವ ಭಾಗದ, ನಡುವಿನ ಎರಡು ಅಕ್ಷರಗಳು ಮಡಿಕೆಯಲ್ಲಿ ಸವೆದುಹೋಗಿರುವುದರಿಂದ ಆ ಜಾಗವನ್ನು ಊಹೆಯಿಂದ ತುಂಬದೆ ಎರಡು ಚುಕ್ಕಿಗಳಾಗಿಯೇ ಬಿಡಿಸಿದ್ದೇನೆ. ಈ ಅಕ್ಷರಗಳ ಬಗ್ಗೆ ಮಗಳಿಂದ ಉತ್ತರ ಬಂದ ದಿನ ಅದನ್ನೂ ತಿದ್ದಿಸುತ್ತೇನೆ.