ತುಪ್ಪ ಹರಳುಗಟ್ಟುವಂತೆ: ಪಾಲಿಮರ್–ಲಿಪಿಡ್ ಪೊರೆಯ ಜೊತೆ ನನ್ನ ಅನುಭವ

ಬರೀ ಲಿಪಿಡ್‌ನಿಂದ (ಕೊಬ್ಬಿನ ಜಾತಿಯ ಅಣು) ಮಾಡಿದ ಪೊರೆಯನ್ನು ಹಿಗ್ಗಿಸಿದರೆ ಅದರ ಹರವು ಶೇಕಡಾ 5ರಷ್ಟು ಹೆಚ್ಚುವ ಹೊತ್ತಿಗೆ ಹರಿದುಹೋಗುತ್ತದೆ. ಬೇರೆ ಬೇರೆ ಬಗೆಯ ಸರಪಳಿತುಂಡುಗಳನ್ನು ಜೋಡಿಸಿದ ಉದ್ದನೆಯ ಅಣುವಾದ ಬ್ಲಾಕ್ ಕೋಪಾಲಿಮರ್‌ನ ಪೊರೆ ಶೇಕಡಾ 20ರ ಹತ್ತಿರದವರೆಗೂ ತಡೆದುಕೊಳ್ಳಬಲ್ಲದು ಎಂಬುದು 1999ರಿಂದಲೇ ಗೊತ್ತಿರುವ ವಿಷಯ. ಔಷಧ ಒಯ್ಯುವ ಪೊರೆಚೀಲಕ್ಕೆ ಇದರ ಗಟ್ಟಿತನವೂ ಬೇಕು, ಜೀವಕೋಶಕ್ಕೆ ಒಗ್ಗುವ ಲಿಪಿಡ್‌ನ ಗುಣವೂ ಬೇಕು. ಅದಕ್ಕೇ ಎರಡನ್ನೂ ಬೆರೆಸುವುದು. ಬೆರೆಸಿದ ಮೇಲೆ ಅವು ಕೂಡಿಯೇ ಇರುತ್ತವೋ, ಬೇರೆ ಬೇರೆ ತೇಪೆಗಳಾಗುತ್ತವೋ? ದಾವಣಗೆರೆಯ ನಮ್ಮ ಸಣ್ಣ ಲ್ಯಾಬ್‌ನಲ್ಲಿ ನಾನು ಬೆನ್ನು ಹತ್ತಿದ್ದು ಈ ಒಂದು ಪ್ರಶ್ನೆಯನ್ನು.

ನಾನು ಬಳಸುವ ಪಾಲಿಮರ್ ಪಾಲಿಬ್ಯುಟಡೈಯೀನ್–ಪಾಲಿಎಥಿಲೀನ್ ಆಕ್ಸೈಡ್, ಲಿಪಿಡ್ ಡಿಪಿಪಿಸಿ. ಎರಡನ್ನೂ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ವಿದ್ಯುತ್ ಹರಿಯುವ ಐಟಿಒ ಲೇಪದ ಗಾಜಿನ ಮೇಲೆ ತೆಳ್ಳಗೆ ಸವರಿ, ವ್ಯಾಕ್ಯೂಮ್‌ನಲ್ಲಿ ಚೆನ್ನಾಗಿ ಒಣಗಿಸುತ್ತೇನೆ. ಆಮೇಲೆ ಸುಕ್ರೋಸ್ ದ್ರಾವಣ ತುಂಬಿ, 10 ಹರ್ಟ್ಸ್‌ನ ಎಸಿ ವಿದ್ಯುತ್ ಕೊಡುತ್ತೇನೆ. ಒಂದೆರಡು ವೋಲ್ಟ್ ಸಾಕು. ಪದರ ನಿಧಾನವಾಗಿ ಉಬ್ಬಿ, ಗಾಜಿನಿಂದ ಬಿಡಿಸಿಕೊಂಡು ವೆಸಿಕಲ್‌ಗಳಾಗುತ್ತದೆ, ಅಂದರೆ ಪುಟ್ಟ ಪೊರೆಚೀಲಗಳು. ಡಿಪಿಪಿಸಿ ಕರಗುವುದು 41 ಡಿಗ್ರಿಯಲ್ಲಿ, ಹಾಗಾಗಿ ಇಷ್ಟೂ ಕೆಲಸ 60 ಡಿಗ್ರಿ ಸುಮಾರಿನಲ್ಲಿ ನಡೆಯಬೇಕು. ವೆಸಿಕಲ್‌ಗಳನ್ನು ಗ್ಲೂಕೋಸ್ ದ್ರಾವಣಕ್ಕೆ ಹಾಕಿದರೆ, ಒಳಗಿನ ಸುಕ್ರೋಸ್‌ನ ಭಾರಕ್ಕೆ ಅವು ತಳದಲ್ಲಿ ಕೂರುತ್ತವೆ. ಮೈಕ್ರೋಸ್ಕೋಪ್‌ನಲ್ಲಿ ನೋಡಲು ಸುಲಭ.

ಬಿಸಿಯಾಗಿರುವಾಗ ವೆಸಿಕಲ್ ಮೈಯೆಲ್ಲ ಒಂದೇ ಕೆಂಪು, ಏಕೆಂದರೆ ರೋಡಮಿನ್ ಬಣ್ಣ ಎಲ್ಲೆಡೆ ಹರಡಿರುತ್ತದೆ. ತಣ್ಣಗಾಗುತ್ತಾ ಡಿಪಿಪಿಸಿ ಹೆಪ್ಪುಗಟ್ಟುತ್ತದೆ, ಆ ಜಾಗಕ್ಕೆ ಬಣ್ಣ ಹೋಗುವುದಿಲ್ಲ. "ಸರ್, ಕಪ್ಪು ಚುಕ್ಕಿ ಬಂದ್ವು ನೋಡ್ರಿ" ಎಂದು ವಿದ್ಯಾರ್ಥಿನಿ ಕೂಗಿದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತೇನೆ, ಈಗಲೂ ಅಷ್ಟೇ.

ನಾನು ಒತ್ತಿ ಹೇಳಬೇಕಾದದ್ದು ತಣ್ಣಗಾಗಿಸುವ ವೇಗದ ಬಗ್ಗೆ. ಮಿಶ್ರಣದ ಪ್ರಮಾಣ ಒಂದೇ ಇದ್ದರೂ, ಆರಿಸುವ ವೇಗ ಬದಲಾದರೆ ಕಾಣುವ ಚಿತ್ರವೇ ಬೇರೆ. ಮಂಜುಗಡ್ಡೆಯ ಮೇಲಿಟ್ಟ ಅಲ್ಯೂಮಿನಿಯಂ ಗಟ್ಟಿಗೆ ಕೋಶವನ್ನು (ವೆಸಿಕಲ್‌ಗಳಿರುವ ಪುಟ್ಟ ಡಬ್ಬಿ) ತಾಗಿಸಿದರೆ ಮೈತುಂಬ ಸಣ್ಣ ಸಣ್ಣ ಚುಕ್ಕಿ. ಅದೇ ಕೋಶವನ್ನು ಥರ್ಮೋಕೋಲ್ ಪೆಟ್ಟಿಗೆಯೊಳಗೆ, ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿಟ್ಟು ತಾನಾಗಿ ಆರಲು ಬಿಟ್ಟರೆ ಕೆಲವೇ ದೊಡ್ಡ ತೇಪೆಗಳು. ಬೆಣ್ಣೆಯ ಊರಿನವರಿಗೆ ಇದು ಹೊಸದಲ್ಲ: ಕಾಯಿಸಿದ ತುಪ್ಪವನ್ನು ನಿಧಾನಕ್ಕೆ ಆರಲು ಬಿಟ್ಟರೆ ದಪ್ಪ ಹರಳು, ಫ್ರಿಜ್ಜಿಗಿಟ್ಟರೆ ನುಣ್ಣಗೆ. ಪೊರೆಯಲ್ಲೂ ಕಾರಣ ಅದೇ. ಬೇಗ ತಣ್ಣಗಾದರೆ ನೂರಾರು ಕಡೆ ಒಟ್ಟಿಗೇ ಹೆಪ್ಪು ಶುರುವಾಗುತ್ತದೆ. ನಿಧಾನವಾದರೆ ಮೊದಲು ಹುಟ್ಟಿದ ಕೆಲವು ತೇಪೆಗಳಿಗೇ ಸುತ್ತಲಿನ ಲಿಪಿಡ್ ಹರಿದುಬಂದು ಸೇರುತ್ತದೆ. ಹೆಪ್ಪಾದ ತೇಪೆ ಘನ, ಆದ್ದರಿಂದ ಎರಡು ತೇಪೆ ಡಿಕ್ಕಿ ಹೊಡೆದರೂ ನೀರಹನಿಗಳ ಹಾಗೆ ಬೆರೆತು ಒಂದಾಗುವುದಿಲ್ಲ. ಹುಟ್ಟುವಾಗಿನ ಚರಿತ್ರೆ ಹಾಗೇ ಉಳಿಯುತ್ತದೆ.

ಡಿಪಿಪಿಸಿ ಬದಲು ಪಿಒಪಿಸಿ ಎಂಬ ಇನ್ನೊಂದು ಲಿಪಿಡ್ ಹಾಕಿ ನೋಡಿದೆ. ಅದು ಕರಗುವುದು ಸೊನ್ನೆಗಿಂತ ಕೆಳಗೆ. ನಮ್ಮ ಊರಿನ ಯಾವ ಚಳಿಯಲ್ಲೂ ದ್ರವವಾಗಿಯೇ ಇರುತ್ತದೆ. ನಾನು ತೆಗೆದುಕೊಂಡ ಪ್ರಮಾಣಗಳಲ್ಲಿ ಅದು ಪಾಲಿಮರ್ ಜೊತೆ ಬೆರೆತು ಒಂದೇ ಸಮ ಕಂಡಿತು. ಉದ್ದ ಸರಪಳಿಯ ಪಾಲಿಮರ್ ಪೊರೆ ಲಿಪಿಡ್ ಪೊರೆಗಿಂತ ಸುಮಾರು ಎರಡು ಪಟ್ಟು ದಪ್ಪ. ಅವು ಬೇರೆಯಾದರೆ ಗಡಿಯಲ್ಲಿ ಮೆಟ್ಟಿಲು ಏರ್ಪಟ್ಟು, ಎಣ್ಣೆಯಂಥ ಭಾಗ ನೀರಿಗೆ ತೆರೆದುಕೊಳ್ಳುವ ಸ್ಥಿತಿ ಬರುತ್ತದೆ. ಪೊರೆ ಆ ಗಡಿಯ ಉದ್ದವನ್ನು ಆದಷ್ಟು ಕಡಿಮೆ ಮಾಡಿಕೊಳ್ಳಲು ನೋಡುತ್ತದೆ.

ಲೇಖನಗಳಲ್ಲಿ 'ಕೋಣೆಯ ತಾಪಮಾನ' ಎಂದು ಬರೆದುಬಿಡುತ್ತಾರೆ. ಎಸಿ ಇಲ್ಲದ ನಮ್ಮ ಕೋಣೆಯಲ್ಲಿ ಆ ಮಾತಿಗೆ ಅರ್ಥವಿಲ್ಲ. ಏಪ್ರಿಲ್ ಮಧ್ಯಾಹ್ನ ಹೆಪ್ಪುಗಟ್ಟಲು ಹಿಂಜರಿಯುವ ಮಿಶ್ರಣ ಡಿಸೆಂಬರ್ ಬೆಳಗ್ಗೆ ಸಲೀಸಾಗಿ ತೇಪೆ ಕಟ್ಟುತ್ತದೆ. ಪಾಲಿಮರ್ ಬೆರೆತಾಗ ಹೆಪ್ಪುಗಟ್ಟುವ ಬಿಂದುವೂ 41ಕ್ಕಿಂತ ಕೆಳಗಿಳಿಯಬಹುದು. ಅದಕ್ಕೇ ಪ್ರತಿ ಚಿತ್ರದ ಜೊತೆ ಕೋಶದೊಳಗಿನ ತಾಪಮಾನವನ್ನೂ, ಅದು ಇಳಿದ ವೇಗವನ್ನೂ ಬರೆದಿಡುವುದು ನಮ್ಮಲ್ಲಿ ಕಡ್ಡಾಯ.

ಇನ್ನೊಂದು ಎಚ್ಚರ ಬೆಳಕಿನದು. ಬಣ್ಣದ ಮೇಲೆ ಜೋರು ಬೆಳಕು ಬಿದ್ದರೆ ಜೋಡಿಬಂಧ ಇರುವ ಅಣುಗಳು ಆಕ್ಸಿಡೀಕರಣಗೊಂಡು, ಇಲ್ಲದ ತೇಪೆಗಳು ಮೂಡಬಹುದು. ಪಾಲಿಬ್ಯುಟಡೈಯೀನ್‌ನಲ್ಲಿ ಅಂಥ ಬಂಧಗಳು ಹೇರಳ. ಬೆಳಕನ್ನು ತಗ್ಗಿಸಿ, ಚಿತ್ರ ತೆಗೆಯುವ ಕ್ಷಣಕ್ಕಷ್ಟೇ ಶಟರ್ ತೆರೆಯುತ್ತೇನೆ. ತೇಪೆ ಕಂಡ ಮೇಲೆ ಕೋಶವನ್ನು ಮತ್ತೆ 50 ಡಿಗ್ರಿಗೆ ಕಾಯಿಸುತ್ತೇನೆ: ಮಾಯವಾಗಿ, ಆರಿಸಿದಾಗ ಮರಳಿ ಬಂದರೆ ಲೆಕ್ಕಕ್ಕೆ, ಬಿಸಿಯಲ್ಲೂ ಹಾಗೇ ಉಳಿದರೆ ಆ ವೆಸಿಕಲ್ ಅನ್ನು ಬಿಟ್ಟು ಪಕ್ಕದ್ದನ್ನು ನೋಡುತ್ತೇನೆ.