ಲೆಕ್ಚರ್ ಇಲ್ಲದ ಬೇಸಿಗೆ ಶಾಲೆ: ಜಕ್ಕೂರು ಕೆರೆಯಲ್ಲಿ ನನ್ನ ಅನುಭವ

ಪಿಎಚ್‌ಡಿ ವಿದ್ಯಾರ್ಥಿಗಳ 10 ದಿನದ ಬೇಸಿಗೆ ಶಾಲೆಯಲ್ಲಿ ಒಂದೂ ಲೆಕ್ಚರ್ ಇಡಲ್ಲ, ಒಂದು ಪ್ರಶ್ನೆ ಕೊಟ್ಟು ಗುಂಪುಗಳೇ ಉತ್ತರ ಹುಡುಕಲಿ ಅಂದಾಗ ನಮ್ಮ ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. "ಪಿಎಚ್‌ಡಿ ಮಕ್ಕಳಿಗೆ ಥೀಸಿಸ್ಸೇ ಪ್ರಾಜೆಕ್ಟ್ ಅಲ್ವಾ, ಇನ್ನೊಂದು ಯಾಕೆ?" ಅಂತ ಹಿರಿಯ ಮೇಡಂ ಒಬ್ಬರು ಕೇಳಿದರು. ಮೂರನೇ ವರ್ಷಕ್ಕೆ ಕೆಲಸ ಕೈಗೂಡಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಕೆಟ್ಟಿದ್ದು ಪ್ರಶ್ನೆಯಿಂದ. ಬೆಂಗಳೂರಿನ ಬೆಳ್ಳಂದೂರು ಕೆರೆ ಉಳಿಸುವುದು ಹೇಗೆ ಅಂತ ಕೊಟ್ಟೆ. ಎಲ್ಲ ಗುಂಪೂ ಹಾಸ್ಟೆಲ್‌ನಲ್ಲೇ ಕೂತು ಪಿಪಿಟಿ ಮಾಡಿದವು, ಒಬ್ಬರ ಕಾಲಿಗೂ ಕೆಸರು ತಾಕಲಿಲ್ಲ. ಖರ್ಚು ಸುಮಾರು 1.75 ಲಕ್ಷ, ಅದರಲ್ಲಿ 60 ಸಾವಿರ ಅತಿಥಿಗಳ ವಿಮಾನಕ್ಕೂ ರೂಮಿಗೂ ಹೋಯಿತು. ಎರಡನೇ ವರ್ಷ ಪ್ರಶ್ನೆ ಚಿಕ್ಕದಾಯಿತು, ಆದರೆ ಟ್ಯೂಟರ್‌ಗಳು ಮೂರನೇ ದಿನಕ್ಕೇ ಉತ್ತರ ಹೇಳಿಕೊಟ್ಟುಬಿಟ್ಟರು.

ಈ ಸಲ ಬೆಂಗಳೂರಿನದೇ ಜಕ್ಕೂರು ಕೆರೆ. ಅಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಜೌಗು ದಾಟಿ ಕೆರೆ ಸೇರುತ್ತದೆ. ಜೌಗಿನ ಮುಂಚೆ, ಆಮೇಲೆ ನೀರಲ್ಲಿ ಏನು ಬದಲಾಗುತ್ತೆ, ಅದು ಜೌಗಿನಿಂದಲೇ ಅಂತ ಹೇಗೆ ಹೇಳ್ತೀರಿ? ಇಷ್ಟೇ ಪ್ರಶ್ನೆ. 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಹೀಗೆ ಸಮಸ್ಯೆ ಕೊಟ್ಟು ಕಲಿಸುವ ಕ್ರಮ ಶುರುವಾದಾಗ ಕಾಗದದ ಮೇಲೆ ಬರೆದ ರೋಗಿಯ ವಿವರ ಸಾಕಿತ್ತು. ಪಿಎಚ್‌ಡಿಯವರಿಗೆ ಕಾಗದ ಸಾಲದು, ಅಳತೆ ಅವರೇ ತೆಗೆಯಬೇಕು.

ನಾಲ್ಕನೇ ದಿನ ಜಗಳ ಶುರು. ಒಂದು ಗುಂಪಿಗೆ ನೀರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 11 ಮಿಲಿಗ್ರಾಂ ಸಿಕ್ಕಿತ್ತು, ಇನ್ನೊಂದಕ್ಕೆ ಅದೇ ದಡದಲ್ಲಿ ಎರಡೋ ಮೂರೋ. ನಿಮ್ಮ ಮೀಟರ್ ಕೆಟ್ಟಿದೆ, ನಿಮ್ಮದೇ ಕೆಟ್ಟಿದೆ ಅಂತ ರಾತ್ರಿ ಊಟದ ತನಕ ಕೂಗಾಡಿದರು, ವಿಂಕ್ಲರ್ (ಮೀಟರ್ ಇಲ್ಲದೆ ರಾಸಾಯನಿಕ ಹಾಕಿ ಆಮ್ಲಜನಕ ಅಳೆಯುವ ವಿಧಾನ) ಮಾಡಿ ನೋಡಿದರೆ ಎರಡೂ ಮೀಟರ್ ಸರಿಯಾಗೇ ಇದ್ದವು. ನನಗೆ ಕಾರಣ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಬಹಳ ಕಷ್ಟವಾಯಿತು. ಮರುದಿನ ಕಂಪ್ಯೂಟರ್ ಸೈನ್ಸ್ ಹುಡುಗಿ ಸಮಯದ ಕಾಲಂ ನೋಡಿ ಹಿಡಿದಳು: ಒಬ್ಬರು ಹೋಗಿದ್ದು ಮಧ್ಯಾಹ್ನ, ಇನ್ನೊಬ್ಬರು ಬೆಳಗಿನ ಜಾವ. ಬಿಸಿಲಲ್ಲಿ ಪಾಚಿ ಆಮ್ಲಜನಕ ಕೊಡುತ್ತೆ, ರಾತ್ರಿ ಅದೂ ಸೇರಿ ಎಲ್ಲವೂ ಉಸಿರಾಡಿ ಖಾಲಿ ಮಾಡುತ್ತವೆ. ನಸುಕಿನಲ್ಲಿ ಮೀನು ಬಾಯಿ ಮೇಲಕ್ಕೆ ಎತ್ತುತ್ತವೆ ಅಂತ ಮೀನು ಹಿಡಿಯುವವರು ಮೊದಲ ದಿನವೇ ಹೇಳಿದ್ದರಂತೆ, ಸೋಶಿಯಾಲಜಿ ಹುಡುಗನ ನೋಟ್‌ಬುಕ್ಕಲ್ಲಿತ್ತು, ಯಾರೂ ಓದಿರಲಿಲ್ಲ. 24 ಜನವೂ ಎಲ್ಲ ಸ್ಯಾಂಪಲ್ ಒಂದೇ ಹೊತ್ತಿಗೆ ಮತ್ತೆ ತೆಗೆದರು, ನಾನು ಹೇಳದೆ!

ನಡುವೆ ಒಂದು ಗುಂಪಿಗೆ ಮಾತ್ರ ದಿನಾ ಕೈಬರಹದಲ್ಲಿ ಒಂದು ಪುಟ ಬರೆಸಿದೆ, ತಪ್ಪು ಬೇಗ ಸಿಗುತ್ತಾ ನೋಡೋಣ ಅಂತ. ವ್ಯತ್ಯಾಸ ಕಾಣಲಿಲ್ಲ, ಬಿಟ್ಟೆ.

ಒಟ್ಟು 1.2 ಲಕ್ಷ ಆಯಿತು: ಮೀಟರ್, ಕಿಟ್ 40 ಸಾವಿರ, ವ್ಯಾನ್ 20ರ ಮೇಲೆ, ಉಳಿದದ್ದು ಊಟ, ವಸತಿ. ಯಾರನ್ನು ಯಾವ ಗುಂಪಿಗೆ ಹಾಕಬೇಕು ಅನ್ನೋ ಸೂತ್ರ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ, ಮೂರು ವರ್ಷದ ಬೆವರು ಅದು. ಆ ಮೇಡಂ ಈಗ ಎರಡು ಮೀಟರ್ ತಮ್ಮ ವಿದ್ಯಾರ್ಥಿಗಳಿಗೆ ಒಯ್ದಿದ್ದಾರೆ. ಮುಂದಿನ ಸಲ ಕೆಳಗಿನ ರಾಚೇನಹಳ್ಳಿ ಕೆರೆ, ಪ್ರಶ್ನೆ ಬರೆದಾಗಿದೆ.